ಶಾಲೆ ಶುರುವಾಗಿದ್ದು ಯಾವ ವರ್ಷ? ಇಂಗ್ಲೆಂಡಿನ ಒಂದು ಸರ್ಕಾರಿ ಹೈಸ್ಕೂಲಿನ ಇತಿಹಾಸ ಬರೆದ ಪ್ರಕರಣ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಒಂದು ಸಣ್ಣ ಪಟ್ಟಣ, ಅಲ್ಲಿನ ಸರ್ಕಾರಿ ಸೆಕೆಂಡರಿ ಸ್ಕೂಲಿನ ಇತಿಹಾಸ ಬರೆಯೋಕೆ ಹೋದಾಗ ಏನೇನಾಯ್ತು ಅನ್ನೋದು ಈ ಪ್ರಕರಣ. ಊರ ಹೆಸರು, ಶಾಲೆ ಹೆಸರು, ಜನರ ಹೆಸರು ಯಾವುದನ್ನೂ ಹಾಕಿಲ್ಲ, ಶಾಲೆಯ ಗುರುತು ಸಿಗೋ ಇಸವಿಗಳನ್ನ ಬೇಕಂತಲೇ ದಶಕದ ಲೆಕ್ಕದಲ್ಲಿ ಮಾತ್ರ ಹೇಳಿದೀನಿ. ದೇಶಕ್ಕೆಲ್ಲ ಅನ್ವಯವಾದ ಕಾಯ್ದೆ, ಪರೀಕ್ಷೆ, ಅವುಗಳ ಇಸವಿ ಇದ್ದದ್ದು ಇದ್ದ ಹಾಗೇ ಇವೆ. ಮಗಳು ಅಲ್ಲಿ ಓದ್ತಿದ್ದಾಗ ನಾನು ಪೇರೆಂಟ್ ಗವರ್ನರ್ ಆಗಿದ್ದೆ, ನಮ್ಮ ಕಡೆ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇರುತ್ತಲ್ಲ, ಹೆಚ್ಚುಕಮ್ಮಿ ಆ ಥರದ ಜವಾಬ್ದಾರಿ. ಹಾಗಾಗಿ ಇತಿಹಾಸದ ಗುಂಪಿಗೂ ನನ್ನನ್ನ ಸೇರಿಸಿಕೊಂಡ್ರು. ಕರ್ನಾಟಕದಲ್ಲೂ ಎಷ್ಟೋ ಸರ್ಕಾರಿ ಶಾಲೆಗಳು ಶತಮಾನೋತ್ಸವ ಮಾಡ್ತಿವೆ, ಸ್ಮರಣ ಸಂಚಿಕೆ ತರ್ತಿವೆ, ಆ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗಕ್ಕೆ ಬರಲಿ ಅಂತಲೇ ಇಷ್ಟು ವಿವರವಾಗಿ ಬರೀತಿದೀನಿ.

ಹಿನ್ನೆಲೆ

ಇಂಗ್ಲೆಂಡಲ್ಲಿ ದತ್ತಿ ಇಟ್ಟು ನಡೆಸೋ ಗ್ರಾಮರ್ ಸ್ಕೂಲುಗಳು ಶತಮಾನಗಳಿಂದ ಇದ್ವು, ಅದು ಬೇರೆ ಮಾತು. ಕೌಂಟಿ ಕೌನ್ಸಿಲ್‌ಗಳು (ಜಿಲ್ಲಾ ಆಡಳಿತ ಅನ್ನಬಹುದು) ಜನರ ತೆರಿಗೆ ದುಡ್ಡಲ್ಲಿ ಸೆಕೆಂಡರಿ ಸ್ಕೂಲ್ ಕಟ್ಟೋಕೆ ದಾರಿ ಆಗಿದ್ದು 1902ರ ಶಿಕ್ಷಣ ಕಾಯ್ದೆಯಿಂದ. ಆಮೇಲಿನ ಕೆಲವೇ ವರ್ಷದಲ್ಲಿ ಎದ್ದು ನಿಂತ ಶಾಲೆಗಳಲ್ಲಿ ಈ ಊರಿನ ಗ್ರಾಮರ್ ಸ್ಕೂಲೂ ಒಂದು. ಕೆಂಪು ಇಟ್ಟಿಗೆ ಕಟ್ಟಡ, ಮೇಲೊಂದು ಗಂಟೆ ಗೋಪುರ, ಹುಡುಗ್ರು ಹುಡುಗೀರು ಇಬ್ರೂ ಓದ್ತಿದ್ರು. ಫೀಸ್ ಇತ್ತು. 1907ರಲ್ಲಿ ಸರ್ಕಾರದ ಗ್ರಾಂಟ್ ಪೂರ್ತಿ ಬೇಕು ಅಂದ್ರೆ ಕಾಲುಭಾಗ ಸೀಟನ್ನ ಎಲಿಮೆಂಟರಿ ಶಾಲೆಯಿಂದ ಬರೋ ಮಕ್ಕಳಿಗೆ ಫ್ರೀಯಾಗಿ ಕೊಡ್ಬೇಕು ಅಂತ ನಿಯಮ ಬಂತು, ಹಾಗಾಗಿ ಬಡವರ ಮನೆಯ ಜಾಣ ಮಕ್ಕಳು ಕೆಲವ್ರು ಒಳಗೆ ಬಂದ್ರು. ಊರಿನ ಮಿಕ್ಕ ಮಕ್ಕಳೆಲ್ಲ ಎಲಿಮೆಂಟರಿ ಶಾಲೆಯಲ್ಲೇ ಓದು ಮುಗಿಸಿ ಶೂ ಫ್ಯಾಕ್ಟರಿಗೋ ಹೊಲಕ್ಕೋ ಹೋಗ್ತಿದ್ರು.

1944ರಲ್ಲಿ ಬಟ್ಲರ್ ಕಾಯ್ದೆ ಬಂತು. ಎಲ್ಲರಿಗೂ ಸೆಕೆಂಡರಿ ಶಿಕ್ಷಣ, ಫೀಸಿಲ್ಲದೆ. ಶಾಲೆ ಬಿಡೋ ವಯಸ್ಸು 1947ರ ಏಪ್ರಿಲ್‌ನಿಂದ 15 ಆಯ್ತು. ಗ್ರಾಮರ್, ಟೆಕ್ನಿಕಲ್, ಮಾಡರ್ನ್ ಅಂತ ಮೂರು ಬಗೆ ಶಾಲೆ ಇರ್ಬೇಕು ಅಂತ ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ, ಆದ್ರೆ ಜಾರಿಗೆ ಬಂದಿದ್ದು ಅದೇ ವ್ಯವಸ್ಥೆ, ಟೆಕ್ನಿಕಲ್ ಶಾಲೆಗಳು ಬಹಳ ಕಡೆ ಆಗಲೇ ಇಲ್ಲ, ಹಾಗಾಗಿ ಉಳಿದಿದ್ದು ಎರಡೇ. 11ನೇ ವಯಸ್ಸಲ್ಲಿ ಒಂದು ಪರೀಕ್ಷೆ, ಇಲೆವೆನ್ ಪ್ಲಸ್ ಅಂತಾರೆ, ಗಣಿತ, ಇಂಗ್ಲಿಷ್, ಬುದ್ಧಿಶಕ್ತಿ ಪ್ರಶ್ನೆಗಳು. ಐದರಲ್ಲಿ ಒಂದು ಪಾಲು, ಕೆಲವು ಕಡೆ ನಾಲ್ಕರಲ್ಲಿ ಒಂದು ಪಾಲು ಮಕ್ಕಳು ಪಾಸಾಗಿ ಗ್ರಾಮರ್ ಸ್ಕೂಲಿಗೆ, ಮಿಕ್ಕವರೆಲ್ಲ ಸೆಕೆಂಡರಿ ಮಾಡರ್ನ್‌ಗೆ. ಎಷ್ಟು ಸೀಟು ಅನ್ನೋದು ಕೌಂಟಿಯಿಂದ ಕೌಂಟಿಗೆ ಬೇರೆ. ಎಷ್ಟೋ ಕಡೆ ಹುಡುಗೀರು ಹುಡುಗ್ರಿಗಿಂತ ಜಾಸ್ತಿ ಮಾರ್ಕ್ಸ್ ತಗೋಬೇಕಿತ್ತು, ಇಬ್ಬರಿಗೂ ಸೀಟಿನ ಲೆಕ್ಕ ಬೇರೆ ಬೇರೆ ಇಟ್ಟಿದ್ರು ಅಂತ.

ಈ ಊರಲ್ಲಿ ಸೆಕೆಂಡರಿ ಮಾಡರ್ನ್ ಮೊದಲು ನಡೆದಿದ್ದು ಕಾಂಕ್ರೀಟ್ ಹಟ್‌ಗಳಲ್ಲಿ. ಶಾಲೆ ಬಿಡೋ ವಯಸ್ಸು ಏರಿಸಿದಾಗ ಜಾಗ ಸಾಲದೆ ಇಂಗ್ಲೆಂಡ್ ತುಂಬಾ ಎಬ್ಬಿಸಿದ ಹಟ್‌ಗಳವು, ಹೋರ್ಸಾ ಹಟ್ ಅಂತ ಹೆಸರು. 1950ರ ದಶಕದಲ್ಲಿ ಗ್ರಾಮರ್ ಸ್ಕೂಲಿನ ಆಟದ ಮೈದಾನದ ಆಚೆ ಬದಿಗೆ ಹೊಸ ಕಟ್ಟಡ ಬಂತು, ದೊಡ್ಡ ದೊಡ್ಡ ಗಾಜಿನ ಕಿಟಕಿ, ಚಪ್ಪಟೆ ತಾರಸಿ. ಎರಡೂ ಶಾಲೆಗೆ ಮಧ್ಯೆ ಒಂದು ಬೇಲಿ. 1970ರ ದಶಕದ ಮೊದಲ ಭಾಗದಲ್ಲಿ ಬೇಲಿ ತೆಗೆದು ಎರಡನ್ನೂ ಸೇರಿಸಿ ಕಾಂಪ್ರಿಹೆನ್ಸಿವ್, ಅಂದ್ರೆ ಪರೀಕ್ಷೆ ಇಟ್ಟು ಬೇರ್ಪಡಿಸದೆ ಎಲ್ಲ ಮಕ್ಕಳನ್ನೂ ತಗೊಳ್ಳೋ ಶಾಲೆ ಮಾಡಿದ್ರು. 2010ರ ಅಕಾಡೆಮೀಸ್ ಕಾಯ್ದೆ ಬಂದಮೇಲೆ ಶಾಲೆ ಕೌಂಟಿ ಕೈ ಬಿಟ್ಟು ಒಂದು ಟ್ರಸ್ಟ್ ಕೆಳಗೆ ಹೋಯ್ತು, ಅಂದ್ರೆ ಅಕಾಡೆಮಿ ಆಯ್ತು. ಇವತ್ತೂ ಸರ್ಕಾರಿ ಶಾಲೆಯೇ, ಫೀಸಿಲ್ಲ, ದುಡ್ಡು ನೇರ ಕೇಂದ್ರ ಸರ್ಕಾರದ್ದು.

ಸಮಸ್ಯೆ

ಟ್ರಸ್ಟಿನವ್ರು ಹೊಸ ಬೋರ್ಡು, ಹೊಸ ಲೆಟರ್‌ಹೆಡ್ ಮಾಡಿಸ್ತಿದ್ರು. ಹೆಸರಿನ ಕೆಳಗೆ ಸ್ಥಾಪನೆಯ ವರ್ಷ ಹಾಕಿದ್ರೆ ಚೆನ್ನಾಗಿರುತ್ತೆ ಅಂದ್ಕೊಂಡು ಗ್ರಾಮರ್ ಸ್ಕೂಲ್ ಶುರುವಾದ ವರ್ಷ ಹಾಕಿದ್ರು. ಆ ಲೆಕ್ಕದಲ್ಲಿ ದೊಡ್ಡದೊಂದು ವಾರ್ಷಿಕೋತ್ಸವ ಹತ್ರ ಬರ್ತಿತ್ತು, ಅದಕ್ಕೊಂದು ಪುಸ್ತಕ, ಹಾಲ್‌ನಲ್ಲಿ ಒಂದು ಪ್ರದರ್ಶನ ಅಂತ ತೀರ್ಮಾನ ಆಯ್ತು. ಗುಂಪಿನಲ್ಲಿ ರಿಟೈರ್ ಆದ ಕೆಮಿಸ್ಟ್ರಿ ಮೇಷ್ಟ್ರು ಒಬ್ರು, ಈಗಿನ ಹಿಸ್ಟರಿ ಟೀಚರ್, ಊರಿನ ಲೈಬ್ರರಿಯಲ್ಲಿ ಕೆಲಸ ಮಾಡಿದ್ದ ಒಬ್ಬರು ಹೆಂಗಸು, ನಾನು.

ಗ್ರಾಮರ್ ಸ್ಕೂಲಿನ ಸಾಮಗ್ರಿ ಬೇಕಾದಷ್ಟಿತ್ತು. ವರ್ಷಕ್ಕೆರಡು ಸಲ ಬರ್ತಿದ್ದ ಮ್ಯಾಗಜೀನಿನ ಬೈಂಡ್ ಮಾಡಿಸಿದ ಸಂಪುಟಗಳು, ಆಕ್ಸ್‌ಫರ್ಡ್ ಕೇಂಬ್ರಿಡ್ಜಿಗೆ ಹೋದವರ ಹೆಸರನ್ನ ಚಿನ್ನದ ಅಕ್ಷರದಲ್ಲಿ ಬರೆದ ಮರದ ಫಲಕ, ಎರಡು ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ, ಹಳೇ ವಿದ್ಯಾರ್ಥಿಗಳ ಸಂಘ, ಅವರದೇ ಒಂದು ಹಾಡು. ಸೆಕೆಂಡರಿ ಮಾಡರ್ನ್‌ದು ಅಂತ ಶಾಲೆಯಲ್ಲಿ ಸಿಕ್ಕಿದ್ದು ಒಂದು ಕ್ರೀಡಾ ಶೀಲ್ಡು, ಕೆಲವು ಗ್ರೂಪ್ ಫೋಟೋ, ಹಿಂದೆ ಹೆಸರು ಕೂಡ ಬರೆದಿರಲಿಲ್ಲ.

ಇದ್ದ ಸಾಮಗ್ರಿಯಲ್ಲಿ ಮೊದಲನೇ ಕರಡು ತಯಾರಾಯ್ತು. ಚೆನ್ನಾಗೇ ಓದಿಸಿಕೊಂಡು ಹೋಗ್ತಿತ್ತು, ಹೆಡ್‌ಮಾಸ್ಟರುಗಳು, ನಾಟಕಗಳು, ಕ್ರಿಕೆಟ್, ಯುದ್ಧದ ಕಾಲದಲ್ಲಿ ಮೈದಾನ ಅಗೆದು ಆಲೂಗಡ್ಡೆ ಬೆಳೆದಿದ್ದು. ಸೆಕೆಂಡರಿ ಮಾಡರ್ನ್‌ಗೆ ಸಿಕ್ಕಿದ್ದು ಒಂದೇ ಪ್ಯಾರಾ, ಅದೂ ಎರಡು ಶಾಲೆ ಸೇರಿಸಿದ ಅಧ್ಯಾಯದಲ್ಲಿ, ಇಂಥ ಶಾಲೆಯನ್ನೂ ಸೇರಿಸಲಾಯಿತು ಅನ್ನೋ ಧಾಟಿಯಲ್ಲಿ. ಕರಡನ್ನ ಊರಲ್ಲಿ ಕೆಲವರಿಗೆ ಓದೋಕೆ ಕೊಟ್ವಿ. ಅವರಲ್ಲಿ ಎಂಬತ್ತರ ಹತ್ತಿರದ ಒಬ್ಬರು ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದೋರು, ತಾವು ಓದಿದ್ದೂ ಸೆಕೆಂಡರಿ ಮಾಡರ್ನ್‌ನಲ್ಲೇ. ಅವರು ಕರಡು ವಾಪಸ್ ಕೊಡ್ತಾ ಒಂದೇ ಮಾತು ಕೇಳಿದ್ರು, ಇದರಲ್ಲಿ ನಾನೆಲ್ಲಿದೀನಿ ಅಂತ. ಸಿಟ್ಟೇನೂ ಇರಲಿಲ್ಲ ಆ ಮಾತಲ್ಲಿ. ಊರಿನ ಪ್ರತಿ ಐದು ಮಕ್ಕಳಲ್ಲಿ ನಾಲ್ಕು ಮಕ್ಕಳು ಓದಿದ ಶಾಲೆಗೆ ಒಂದು ಪ್ಯಾರಾ, ಒಬ್ಬರು ಓದಿದ ಶಾಲೆಗೆ ಏಳು ಅಧ್ಯಾಯ. ಇದನ್ನ ಊರಿನ ಶಾಲೆಯ ಇತಿಹಾಸ ಅಂತ ಅಚ್ಚು ಹಾಕೋದು ಸರಿಯಲ್ಲ ಅಂತ ಆವತ್ತೇ ನನಗನ್ನಿಸಿತು. ಗುಂಪಿನಲ್ಲಿ ಎಲ್ಲರೂ ಒಪ್ಪಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರ ವಾದ ನ್ಯಾಯವಾದದ್ದೇ, ದಾಖಲೆ ಇಲ್ಲದ್ದನ್ನ ಎಲ್ಲಿಂದ ಬರೆಯೋದು, ಕಥೆ ಕಟ್ಟೋಕಾಗುತ್ತಾ ಅಂತ.

ಏನೇನು ಮಾಡಿದ್ವಿ

ಮೊದಲು ಮಾಡಿದ್ದು ನೆನಪಿನ ಸಭೆ. ಸೆಕೆಂಡರಿ ಮಾಡರ್ನ್‌ನಲ್ಲಿ ಓದಿದವ್ರು ಬನ್ನಿ, ನಿಮ್ಮ ನೆನಪು ಹೇಳಿ, ಅಂತ ಊರಲ್ಲೆಲ್ಲ ಚೀಟಿ ಅಂಟಿಸಿ ಶಾಲೆಯ ಹಳೇ ಹಾಲ್‌ನಲ್ಲಿ ಸಂಜೆ ಹೊತ್ತು ಇಟ್ವಿ, ಬಂದಿದ್ದು ಬೆರಳೆಣಿಕೆ ಜನ, ಅದರಲ್ಲೂ ಅರ್ಧ ಗ್ರಾಮರ್‌ನವ್ರೇ. ಯಾಕೆ ಹೀಗಾಯ್ತು ಅಂತ ಅಡುಗೆಮನೆಯ ಆ ಹೆಂಗಸನ್ನೇ ಕೇಳಿದ್ವಿ. ನೀವು ಕರೆದಿದ್ದು ಚಿನ್ನದ ಅಕ್ಷರದ ಫಲಕ ಇರೋ ಹಾಲಿಗೆ, ಅದು ನಮ್ಮ ಜಾಗ ಯಾವತ್ತೂ ಆಗಿರಲಿಲ್ಲ ಅಂದ್ರು. ಮುಂದಿನ ಸಲ ಊರಿನ ಲೈಬ್ರರಿಯಲ್ಲಿ, ವಾರದ ಸಂತೆ ದಿನ, ಬೆಳಿಗ್ಗೆ ಹೊತ್ತು ಇಟ್ವಿ. ಮೇಜಿನ ಮೇಲೆ ಹೆಸರಿಲ್ಲದ ಆ ಗ್ರೂಪ್ ಫೋಟೋಗಳನ್ನ ಹರಡಿ, ಗೊತ್ತಿರೋರ ಹೆಸರು ಹೇಳಿ ಅಂತಷ್ಟೇ ಕೇಳಿದ್ವಿ. ಕೂರೋಕೆ ಕುರ್ಚಿ ಸಾಲಲಿಲ್ಲ. ನಿಮ್ಮ ನೆನಪು ಹೇಳಿ ಅಂದ್ರೆ ಹಿಂಜರಿಯೋ ಜನ ಈ ಮೂಲೆಯಲ್ಲಿ ನಿಂತಿರೋನು ಯಾರು ಅಂದ್ರೆ ಗಂಟೆಗಟ್ಟಲೆ ಮಾತಾಡ್ತಾರೆ, ಅವನ ಅಣ್ಣ ಯಾರು, ಯಾವ ಫ್ಯಾಕ್ಟರಿಗೆ ಹೋದ, ಯಾವ ಟೀಚರು ಎಂಥವ್ರು, ಎಲ್ಲ ಹೊರಗೆ ಬರುತ್ತೆ.

ಅಲ್ಲಿ ಕೇಳಿದ ವಿಷಯಗಳನ್ನ ನಾವು ಎಲ್ಲೂ ಓದಿರಲಿಲ್ಲ. ಹುಡುಗೀರಿಗೆ ಮನೆ ನಡೆಸೋದು ಕಲಿಸೋಕೆ ಶಾಲೆ ಒಳಗೇ ಒಂದು ಪುಟ್ಟ ಮನೆ ಮಾಡಿದ್ರಂತೆ, ಮಂಚ, ಸ್ಟವ್, ಸಿಂಕ್ ಎಲ್ಲ ಇರೋದು. ಪಾಳಿ ಮೇಲೆ ಅಲ್ಲಿ ಹಾಸಿಗೆ ಹಾಸೋದು, ಬಟ್ಟೆ ಇಸ್ತ್ರಿ ಮಾಡೋದು, ಟೀಚರನ್ನ ಊಟಕ್ಕೆ ಕರೆದು ಬಡಿಸೋದು. ಹುಡುಗ್ರಿಗೆ ಮರಗೆಲಸ, ಲೋಹದ ಕೆಲಸ, ಶಾಲೆ ತೋಟ, ಜೇನು ಸಾಕೋದು. ಬಂದವರಲ್ಲಿ ಬಹಳ ಜನ ಇದನ್ನೆಲ್ಲ ಪ್ರೀತಿಯಿಂದಲೇ ನೆನೆಸಿಕೊಂಡ್ರು, ಅದನ್ನೂ ಹೇಳ್ಬೇಕು. ಕಹಿ ಇದ್ದಿದ್ದು ಇಲೆವೆನ್ ಪ್ಲಸ್ ಬಗ್ಗೆ. ಪಾಸಾದ್ರೆ ಸೈಕಲ್ ಕೊಡಿಸ್ತೀನಿ ಅಂತ ಅಪ್ಪ ಅಮ್ಮ ಹೇಳೋದು ಆಗಿನ ಇಂಗ್ಲೆಂಡಲ್ಲಿ ಮನೆಮನೆಯಲ್ಲಿ ಇದ್ದದ್ದು, ಪಕ್ಕದ ಮನೆ ಹುಡುಗನಿಗೆ ಸೈಕಲ್ ಬಂದಿದ್ದು ನೋಡಿ ತನಗೆ ರಿಸಲ್ಟ್ ಗೊತ್ತಾಯ್ತು ಅಂತ ಒಬ್ಬ ಅಜ್ಜ ಹೇಳ್ತಿದ್ರು, ಅರವತ್ತು ವರ್ಷದ ಹಿಂದಿನ ಮಾತು, ಆದ್ರೂ ಅವರ ದನಿ ನಡುಗ್ತಿತ್ತು.

ನೆನಪು ಸಿಕ್ತು ಸರಿ, ದಾಖಲೆ ಬೇಕಲ್ಲ. ಆಗ ಕೌಂಟಿ ರೆಕಾರ್ಡ್ ಆಫೀಸಿಗೆ ಹೋದ್ವಿ. 1862ರ ನಿಯಮದಿಂದ ಎಲಿಮೆಂಟರಿ ಶಾಲೆಯ ಹೆಡ್ ಆದವ್ರು ಲಾಗ್ ಬುಕ್, ಅಂದ್ರೆ ಶಾಲೆಯ ದಿನಚರಿ ಬರೀಬೇಕಿತ್ತು, ಅದೇ ರೂಢಿ ಎಷ್ಟೋ ಸೆಕೆಂಡರಿ ಮಾಡರ್ನ್‌ಗಳಲ್ಲೂ ಮುಂದುವರೆದಿತ್ತು. ಪುಣ್ಯಕ್ಕೆ ಈ ಶಾಲೆಯದ್ದೂ ಕೌಂಟಿಗೆ ಸೇರಿತ್ತು. ಸಮಸ್ಯೆ ಏನಪ್ಪಾ ಅಂದ್ರೆ ಮಕ್ಕಳ ಖಾಸಗಿ ವಿವರ ಇರೋ ಪುಸ್ತಕಗಳನ್ನ ಹತ್ತಾರು ವರ್ಷ, ಕೆಲವನ್ನ ನೂರು ವರ್ಷದವರೆಗೂ ಮುಚ್ಚಿಟ್ಟಿರ್ತಾರೆ. ಅಡ್ಮಿಷನ್ ರಿಜಿಸ್ಟರ್ ನೋಡೋಕೆ ಸಿಗಲೇ ಇಲ್ಲ. ಲಾಗ್ ಬುಕ್ ಮಾತ್ರ, ಯಾವ ಮಗುವಿನ ಹೆಸರೂ ಬರಕೊಳ್ಳಲ್ಲ ಅನ್ನೋ ಷರತ್ತಿನ ಮೇಲೆ, ಅಲ್ಲೇ ಕೂತು ಓದೋಕೆ ಬಿಟ್ರು.

ಹೆಡ್ ಬರೆದಿದ್ದು ಚುಟುಕು ಚುಟುಕು. 1962-63ರ ಆ ಭಯಂಕರ ಚಳಿಗಾಲದಲ್ಲಿ ಹೊರಗಿನ ಟಾಯ್ಲೆಟ್ಟುಗಳು ವಾರಗಟ್ಟಲೆ ಹೆಪ್ಪುಗಟ್ಟಿದ್ದು, ಬಾಯ್ಲರಿಗೆ ಹಾಕೋ ಕೋಕ್ ಕಲ್ಲಿದ್ದಲು ಸಾಲದ್ದು, ಹಾಜರಾತಿ ಕುಸಿದಿದ್ದು, ಆಲೂಗಡ್ಡೆ ಕೀಳೋ ಸಮಯಕ್ಕೆ ಮಕ್ಕಳು ಹೊಲಕ್ಕೆ ಹೋಗಿದ್ದು. ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಈಸ್ಟರ್ ಹೊತ್ತಿನ ನಮೂದುಗಳು. 1962ರ ಕಾಯ್ದೆ ಪ್ರಕಾರ 15 ತುಂಬಿದ ಮಕ್ಕಳು ವರ್ಷಕ್ಕೆ ಎರಡೇ ಸಲ ಶಾಲೆ ಬಿಡಬಹುದಿತ್ತು, ಈಸ್ಟರ್‌ಗೆ ಇಲ್ಲ ಬೇಸಿಗೆ ಕೊನೆಗೆ. ಪ್ರತಿ ಈಸ್ಟರ್‌ಗೂ ಮೇಲಿನ ತರಗತಿಯ ದೊಡ್ಡ ಭಾಗ ಖಾಲಿ ಆಗ್ತಿತ್ತು, ಉಳಿದವರನ್ನ ಒಟ್ಟುಗೂಡಿಸಿ ಟೈಮ್‌ಟೇಬಲ್ ಮತ್ತೆ ಮಾಡ್ಬೇಕಿತ್ತು. ನಮ್ಮ ಎಸ್ಸೆಸ್ಸೆಲ್ಸಿ ಥರದ ಓ ಲೆವೆಲ್ ಪರೀಕ್ಷೆ ಇದ್ದದ್ದು 16ನೇ ವಯಸ್ಸಿಗೆ. 15ಕ್ಕೇ ಮನೆಯ ಕಷ್ಟಕ್ಕೆ ಕೆಲಸಕ್ಕೆ ಹೋದ ಮಗುವಿಗೆ ಆ ಪರೀಕ್ಷೆಯ ಬಾಗಿಲೇ ಇರಲಿಲ್ಲ. ಹಾಗಿದ್ದೂ ಈ ಹೆಡ್ 1960ರ ದಶಕದ ಮೊದಲಲ್ಲೇ ಹಠ ಹಿಡಿದು ಒಂದು ಸಣ್ಣ ಗುಂಪನ್ನ ಸೆಕೆಂಡರಿಯ ಐದನೇ ವರ್ಷಕ್ಕೆ, ಅಂದ್ರೆ 16ರವರೆಗೆ, ಉಳಿಸಿಕೊಂಡು ಓ ಲೆವೆಲ್ ಬರೆಸಿದ್ರು, ತಂದೆತಾಯಿಯ ಜೊತೆ ಮಾತಾಡೋಕೆ ಅಂತ ಸಂಜೆ ಹೊತ್ತು ಅವರವರ ಮನೆಗೇ ಹೋಗಿದ್ದೂ ಲಾಗ್ ಬುಕ್ಕಲ್ಲಿ ದಾಖಲಾಗಿತ್ತು. 1965ರಲ್ಲಿ ಸಿಎಸ್‌ಇ ಅನ್ನೋ, ಓ ಲೆವೆಲ್ಲಿಗಿಂತ ಕೆಳಗಿನ ಹಂತದ ಪರೀಕ್ಷೆ ಬಂದಮೇಲೆ ಆ ಗುಂಪು ದೊಡ್ಡದಾಗ್ತಾ ಹೋಯ್ತು. ಇಂಥ ಹೆಡ್ ಒಬ್ಬರು ಆ ಊರಲ್ಲಿದ್ರು ಅನ್ನೋದು ಮೊದಲನೇ ಕರಡಿನಲ್ಲಿ ಒಂದಕ್ಷರ ಇರಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರ ಮನಸ್ಸು ಬದಲಾಗಿದ್ದು ಆ ಪುಟಗಳನ್ನ ತಾವೇ ಓದಿದ ದಿನ.

ಶಿಕ್ಷೆಯ ಪುಸ್ತಕವೂ ಒಂದಿತ್ತು, ಯಾರಿಗೆ ಯಾಕೆ ಎಷ್ಟು ಬೆತ್ತದೇಟು ಅಂತ. ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಂತಿದ್ದು 1987ರ ಆಗಸ್ಟ್‌ನಲ್ಲಿ. ಗ್ರಾಮರ್‌ನಲ್ಲೂ ಹೊಡೀತಿದ್ರು, ಆದ್ರೆ ಅಲ್ಲಿನ ಪುಸ್ತಕ ಉಳಿದಿಲ್ಲ. ಒಂದು ಶಾಲೆಯದ್ದು ಮಾತ್ರ ಪ್ರದರ್ಶನಕ್ಕೆ ಇಟ್ರೆ ಆ ಶಾಲೆಯೇ ಒರಟು ಅಂತ ನೋಡಿದವರಿಗೆ ಅನ್ಸುತ್ತೆ. ಹಾಗಾಗಿ ಇಡೋದು ಬೇಡ ಅಂತ ತೀರ್ಮಾನಿಸಿದ್ವಿ, ಪುಸ್ತಕದಲ್ಲಿ ಎರಡೂ ಕಡೆ ಬೆತ್ತ ಇತ್ತು ಅಂತ ನೆನಪಿನ ಆಧಾರದ ಮೇಲೆ ಬರೆದ್ವಿ. ಈ ನಿರ್ಧಾರ ಸಣ್ಣದು ಅನ್ನಿಸಬಹುದು, ನನಗೆ ಮಾತ್ರ ಇಡೀ ಕೆಲಸದಲ್ಲಿ ಅತಿ ಎಚ್ಚರದಿಂದ ತಗೊಂಡ ನಿರ್ಧಾರ ಇದೇ.

ವಿಲೀನದ ಅಧ್ಯಾಯ

ಎರಡು ಶಾಲೆ ಸೇರಿದ ಕಥೆಗೆ ಕಮಿಟಿ ಮಿನಿಟ್ಸ್ ಸಿಕ್ವು. 1965ರ ಜುಲೈನಲ್ಲಿ ಲೇಬರ್ ಸರ್ಕಾರದ ಶಿಕ್ಷಣ ಮಂತ್ರಿ ಆಂಥೊನಿ ಕ್ರಾಸ್‌ಲ್ಯಾಂಡ್ 10/65 ಅನ್ನೋ ಸುತ್ತೋಲೆ ಕಳಿಸಿದ್ರು. 11ಕ್ಕೇ ಮಕ್ಕಳನ್ನ ಬೇರ್ಪಡಿಸೋದು ನಿಲ್ಲಿಸಿ ಕಾಂಪ್ರಿಹೆನ್ಸಿವ್ ಯೋಜನೆ ಕೊಡಿ ಅಂತ ಕೌಂಟಿಗಳಿಗೆ ಹೇಳಿದ್ದು, ಅದೂ ಆಜ್ಞೆ ಅಲ್ಲ, ವಿನಂತಿ. ಹಾಗಾಗಿ ಇಷ್ಟ ಇಲ್ಲದ ಕೌಂಟಿಗಳು ಎಳೀತಾ ಹೋದ್ವು. 1970ರಲ್ಲಿ ಮಂತ್ರಿಯಾದ ಮಾರ್ಗರೆಟ್ ಥ್ಯಾಚರ್ ಆ ಸುತ್ತೋಲೆಯನ್ನ ವಾಪಸ್ ತಗೊಂಡ್ರು, ಆದ್ರೂ ಅವರ ಕಾಲದಲ್ಲೇ ತಮ್ಮ ಮುಂದೆ ಬಂದ ಕಾಂಪ್ರಿಹೆನ್ಸಿವ್ ಯೋಜನೆಗಳಲ್ಲಿ ಬಹುಪಾಲಿಗೆ ಸಹಿ ಹಾಕಿದ್ರು. ಈ ಊರದ್ದೂ ಅದೇ ಅಲೆಯಲ್ಲಿ ಬಂದಿದ್ದು. ಅದೇ ಹೊತ್ತಿಗೆ 1972ರ ಸೆಪ್ಟೆಂಬರ್‌ನಿಂದ ಶಾಲೆ ಬಿಡೋ ವಯಸ್ಸು 16 ಆಯ್ತು, ಹೆಚ್ಚಾದ ಮಕ್ಕಳಿಗೆ ಅಂತ ಮೈದಾನದ ಮಧ್ಯೆ ಬೇಲಿ ಇದ್ದ ಜಾಗದಲ್ಲೇ ಹೊಸ ಬ್ಲಾಕ್ ಬಂತು.

ಗ್ರಾಮರ್‌ನ ಹೆಡ್ ಹೊಸ ಶಾಲೆಗೂ ಹೆಡ್ ಆದ್ರು. ಮಾಡರ್ನ್‌ನ ಹೆಡ್ ಡೆಪ್ಯುಟಿ. ಸಬ್ಜೆಕ್ಟ್ ಮುಖ್ಯಸ್ಥರ ಹುದ್ದೆ ಬಹುಪಾಲು ಗ್ರಾಮರ್‌ನವರಿಗೆ ಹೋಯ್ತು, ಮಕ್ಕಳ ಯೋಗಕ್ಷೇಮ, ಶಿಸ್ತು, ಮನೆಯವರ ಜೊತೆ ಮಾತುಕತೆ ನೋಡಿಕೊಳ್ಳೋ ಹುದ್ದೆ ಮಾಡರ್ನ್‌ನವರಿಗೆ. ಇಂಗ್ಲೆಂಡಲ್ಲಿ ಆಗ ಎಷ್ಟೋ ಕಡೆ ಹೀಗೇ ಆಗಿದ್ದು. ಮೊದಲನೇ ಕರಡಿನಲ್ಲಿ ಇದನ್ನೆಲ್ಲ ಯಶಸ್ವಿ ವಿಲೀನ ಅಂತ ಒಂದು ಸಾಲಲ್ಲಿ ಮುಗಿಸಿದ್ರು, ಮಿನಿಟ್ಸ್ ಓದಿದ್ರೂ ಹಾಗೇ ಅನ್ಸುತ್ತೆ.

ಅದು ಹಾಗಲ್ಲ ಅಂತ ತೋರಿಸಿಕೊಟ್ಟಿದ್ದು ಟೈಮ್‌ಟೇಬಲ್ ಹಾಳೆಗಳು. ಮಾಡರ್ನ್ ಕಟ್ಟಡ ಕೆಡವೋ ಮುಂಚೆ ಸಾಮಾನೆಲ್ಲ ಕಸದ ಸ್ಕಿಪ್‌ಗೆ ಹಾಕ್ತಿದ್ದಾಗ ಆಗಿನ ಕೇರ್‌ಟೇಕರ್ ಕೆಲವು ಪೆಟ್ಟಿಗೆ ಎತ್ತಿಟ್ಟಿದ್ರು, ಬೇಕಾಗಬಹುದು ಅಂತ. ಅದರಲ್ಲಿ ದೊಡ್ಡ ಗ್ರಾಫ್ ಹಾಳೆಗಳು, ಅಡ್ಡಡ್ಡ ಟೀಚರುಗಳ ಇನಿಷಿಯಲ್, ಮೇಲಿಂದ ಕೆಳಗೆ ಪೀರಿಯಡ್ಡು, ಪ್ರತಿ ಚೌಕದಲ್ಲಿ ತರಗತಿ ಮತ್ತು ರೂಮ್ ನಂಬರು, ಬಣ್ಣದ ಪೆನ್ಸಿಲಲ್ಲಿ. ಹಳೇ ಗ್ರಾಮರ್ ಕಟ್ಟಡದ ರೂಮುಗಳಿಗೆ ಒಂದು ಅಕ್ಷರ, ಮಾಡರ್ನ್ ಕಟ್ಟಡದ್ದಕ್ಕೆ ಇನ್ನೊಂದು. ಹಿಸ್ಟರಿ ಟೀಚರ್ ಸುಮ್ಮನೆ ಕುತೂಹಲಕ್ಕೆ ಒಂದು ವರ್ಷದ ನಾಲ್ಕು ಮತ್ತು ಐದನೇ ವರ್ಷದ ತರಗತಿಗಳನ್ನ ಗುರುತು ಹಾಕ್ತಾ ಹೋದ್ರು. ಓ ಲೆವೆಲ್ ಗುಂಪುಗಳು ಹೆಚ್ಚುಕಮ್ಮಿ ಎಲ್ಲ ಗ್ರಾಮರ್ ಕಟ್ಟಡದಲ್ಲಿ, ಸಿಎಸ್‌ಇ ಗುಂಪುಗಳು, ಯಾವ ಪರೀಕ್ಷೆಯೂ ಇಲ್ಲದ ಗುಂಪುಗಳು ಮಾಡರ್ನ್ ಕಟ್ಟಡದಲ್ಲಿ. ಇನಿಷಿಯಲ್‌ಗಳೂ ಹಾಗೇ, ಹಳೇ ಗ್ರಾಮರ್ ಮೇಷ್ಟ್ರುಗಳು ಮೈದಾನ ದಾಟಿ ಆಚೆ ಹೋಗಿ ಪಾಠ ಮಾಡಿದ್ದು ತೀರಾ ಕಮ್ಮಿ. ಬೇಲಿ ತೆಗೆದು ವರ್ಷಗಳಾಗಿತ್ತು, ಆದ್ರೆ ಟೈಮ್‌ಟೇಬಲ್ಲಿನಲ್ಲಿ ಬೇಲಿ ಇದ್ದ ಹಾಗೇ ಇತ್ತು.

ಇಡೀ ಪ್ರಕರಣದ ತಿರುವು ಇದೇ ಅಂತ ನನ್ನ ಅಭಿಪ್ರಾಯ. ಯಾರೋ ಕೆಟ್ಟ ಮನಸ್ಸಿಂದ ಮಾಡಿದ್ದು ಅಂತ ನಾನು ಹೇಳಲ್ಲ. ಲ್ಯಾಬುಗಳು ಗ್ರಾಮರ್ ಕಡೆ ಚೆನ್ನಾಗಿದ್ವು, ವರ್ಕ್‌ಶಾಪು, ಅಡುಗೆ ರೂಮು ಮಾಡರ್ನ್ ಕಡೆ ಇದ್ವು, ಪರೀಕ್ಷೆಗಳೇ ಎರಡು ಇದ್ವು, ಒಂದು ಮೇಲಿನ 20 ಪರ್ಸೆಂಟ್ ಮಕ್ಕಳನ್ನ ಮನಸ್ಸಲ್ಲಿಟ್ಟು ಮಾಡಿದ್ದು, ಇನ್ನೊಂದು ಅದರ ಕೆಳಗಿನ 40 ಪರ್ಸೆಂಟಿಗೆ. ಟೈಮ್‌ಟೇಬಲ್ ಹಾಕೋರು ಅನುಕೂಲ ನೋಡಿ ಹಾಕ್ತಾ ಹೋದ್ರು, ಹಳೇ ಗೆರೆ ತಾನಾಗೇ ಉಳ್ಕೊಂತು. 1986ರಲ್ಲಿ ಎರಡರ ಬದಲು ಒಂದೇ ಪರೀಕ್ಷೆ ಅಂತ ಬಂದ ಜಿಸಿಎಸ್‌ಇ ಪಾಠ ಶುರುವಾಗಿ 1988ರ ಬೇಸಿಗೆಯಲ್ಲಿ ಮೊದಲ ಪರೀಕ್ಷೆ ನಡೆದಾಗ ಓ ಲೆವೆಲ್, ಸಿಎಸ್‌ಇ ಎರಡೂ ಹೋದ್ವು. ಆಮೇಲಿನ ಹಾಳೆಗಳಲ್ಲಿ ಎರಡೂ ಅಕ್ಷರಗಳು ಬೆರೆತು ಹೋಗಿವೆ. ಜಿಸಿಎಸ್‌ಇಯಲ್ಲೂ ಮೇಲಿನ ಪೇಪರು ಕೆಳಗಿನ ಪೇಪರು ಅಂತ ಇದ್ವು, ಓದಿನ ಮಟ್ಟ ನೋಡಿ ಮಕ್ಕಳನ್ನ ಬೇರೆ ಬೇರೆ ಗುಂಪು (ಸೆಟ್) ಮಾಡೋದು ಇವತ್ತಿಗೂ ಇದೆ, ಆದ್ರೆ ಕಟ್ಟಡ ನೋಡಿ ಮಗು ಯಾವ ಪರೀಕ್ಷೆಯದ್ದು ಅಂತ ಹೇಳೋ ಕಾಲ ಮುಗೀತು.

ಇದನ್ನ ಲೈಬ್ರರಿ ಗುಂಪಿನ ಮುಂದೆ ಇಟ್ಟಾಗ 1970ರ ದಶಕದಲ್ಲಿ ಓದಿದವರು ಆಶ್ಚರ್ಯವನ್ನೇ ಪಡಲಿಲ್ಲ. ಉಗಾಂಡಾದಿಂದ 1972ರಲ್ಲಿ ಈದಿ ಅಮೀನ್ ಏಷ್ಯನ್ನರನ್ನ ಓಡಿಸಿದಾಗ ಬಂದ ಕುಟುಂಬದ ಗುಜರಾತಿ ಮೂಲದವರೊಬ್ಬರು ಅಲ್ಲಿದ್ರು. ಇಂಗ್ಲಿಷ್ ಆಡುಮಾತು ಈ ಊರಿನ ಥರ ಇಲ್ಲ ಅನ್ನೋ ಕಾರಣಕ್ಕೆ ಅವರನ್ನ ಮೊದಲ ವರ್ಷವೇ ಮಾಡರ್ನ್ ಕಟ್ಟಡದ ರಿಮೀಡಿಯಲ್, ಅಂದ್ರೆ ಓದಲ್ಲಿ ಹಿಂದಿರೋ ಮಕ್ಕಳ ತರಗತಿಗೆ ಹಾಕಿದ್ರಂತೆ, ಕಂಪಾಲದಲ್ಲಿ ಕ್ಲಾಸಿಗೆ ಫಸ್ಟ್ ಬರ್ತಿದ್ದ ಹುಡುಗ. ಅಲ್ಲಿಂದ ಗ್ರಾಮರ್ ಕಟ್ಟಡಕ್ಕೆ ಬರೋಕೆ ಮೂರು ವರ್ಷ ಹಿಡೀತು, ಬರೋ ಹಾಗೆ ಮಾಡಿದ್ದು ಆ ಡೆಪ್ಯುಟಿ, ಅಂದ್ರೆ ಹಿಂದೆ ಮನೆಮನೆಗೆ ಹೋಗಿ ಮಕ್ಕಳನ್ನ ಓದಿಗೆ ಉಳಿಸಿಕೊಳ್ತಿದ್ದ ಮಾಡರ್ನ್‌ನ ಹಳೇ ಹೆಡ್. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ವರ್ಷದ ಜಗಳ

ಇಷ್ಟೆಲ್ಲ ಆದಮೇಲೆ ಸ್ಥಾಪನೆಯ ವರ್ಷ ಅನ್ನೋ ಪ್ರಶ್ನೆ ಮತ್ತೆ ಎದ್ದಿತು. ಗ್ರಾಮರ್ ಶುರುವಾದ ವರ್ಷವೋ, ಮಾಡರ್ನ್‌ದೋ, ಎರಡೂ ಸೇರಿದ ವರ್ಷವೋ? ಕಾನೂನಿನ ಲೆಕ್ಕದಲ್ಲಿ ನೋಡಿದ್ರೆ ಇನ್ನೂ ವಿಚಿತ್ರ. ಇಂಗ್ಲೆಂಡಲ್ಲಿ ಶಾಲೆ ಅಕಾಡೆಮಿ ಆದ್ರೆ ಸರ್ಕಾರದ ರಿಜಿಸ್ಟರಿನಲ್ಲಿ ಹಳೇ ಶಾಲೆ ಮುಚ್ಚಿದೆ, ಹೊಸದೊಂದು ತೆರೆದಿದೆ ಅಂತ ನಮೂದಾಗುತ್ತೆ, ಹೊಸ ನಂಬರು ಕೊಡ್ತಾರೆ, ಆಫ್‌ಸ್ಟೆಡ್ ತಪಾಸಣೆಯ ಹಳೇ ವರದಿಗಳೆಲ್ಲ ಮುಚ್ಚಿದ ನಂಬರಿನ ಕೆಳಗೇ ಉಳೀತವೆ. ಆ ಲೆಕ್ಕ ಹಿಡಿದ್ರೆ ಈ ಶಾಲೆಗೆ ಹದಿನೈದು ವರ್ಷವೂ ತುಂಬಿರಲಿಲ್ಲ.

ಹಳೇ ವಿದ್ಯಾರ್ಥಿ ಸಂಘದವ್ರು ಗ್ರಾಮರ್ ವರ್ಷ ಬಿಡೋಕೆ ಒಪ್ಪಲಿಲ್ಲ. ಅವರ ನೋವೂ ಅರ್ಥ ಆಗೋಂಥದ್ದು, 1970ರ ದಶಕದಲ್ಲಿ ತಮ್ಮ ಶಾಲೆಯನ್ನ ಮುಚ್ಚಿಬಿಟ್ರು ಅನ್ನೋ ಭಾವನೆ ಅವರಲ್ಲಿ ಇನ್ನೂ ಇದೆ. ಇಂಗ್ಲೆಂಡಲ್ಲಿ ಇವತ್ತು 163 ಗ್ರಾಮರ್ ಸ್ಕೂಲು ಉಳಿದಿವೆ, ಕೆಂಟ್, ಲಿಂಕನ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಕಡೆ ಇಲೆವೆನ್ ಪ್ಲಸ್ ಈಗಲೂ ನಡೆಯುತ್ತೆ, ನಮ್ಮದೂ ಹಾಗೇ ಉಳೀಬಹುದಿತ್ತಲ್ಲ ಅಂತ ಅವರ ಮಾತು. ಟ್ರಸ್ಟಿಗೆ ಬೇಕಿದ್ದು ಒಂದೇ ಒಂದು ವರ್ಷ, ಅದೂ ಹಳೇದಾದಷ್ಟೂ ಒಳ್ಳೇದು. ಮೊದಲು ನಾವು ಸೂಚಿಸಿದ್ದು ಎರಡು ಶಾಲೆ ಸೇರಿದ ವರ್ಷ, ಅದು ಎಲ್ಲರದ್ದೂ ಅಂತ. ಅದಕ್ಕೆ ಎರಡೂ ಕಡೆಯಿಂದ ವಿರೋಧ ಬಂತು, ಗ್ರಾಮರ್‌ನವರಿಗೂ ಬೇಡ, ಮಾಡರ್ನ್‌ನವರಿಗೂ ಬೇಡ, ಯಾಕಂದ್ರೆ ಆ ವರ್ಷ ಹಿಡಿದ್ರೆ ಇಬ್ಬರೂ ಇತಿಹಾಸದಿಂದ ಹೊರಗೆ. ಮಧ್ಯದ ದಾರಿ ಹುಡುಕಿದ್ರೆ ಎಲ್ಲರೂ ಒಪ್ತಾರೆ ಅನ್ನೋದು ಎಲ್ಲ ಸಲ ನಿಜ ಅಲ್ಲ. ಕೊನೆಗೆ ಲೈಬ್ರರಿಯ ಆ ಹೆಂಗಸು ಹೇಳಿದ ಉಪಾಯ ನಡೀತು. ಪುಸ್ತಕದಲ್ಲಿ, ಪ್ರದರ್ಶನದಲ್ಲಿ ಸ್ಥಾಪನೆ ಅನ್ನೋ ಮಾತನ್ನೇ ಬಿಟ್ಟು, ಈ ಜಾಗದಲ್ಲಿ ಮಕ್ಕಳು ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಹೆಸರಿನ ಶಾಲೆಯಲ್ಲಿ ಓದಿದ್ರು ಅಂತ ಪಟ್ಟಿ ಹಾಕೋದು, ನಾಲ್ಕೂ ಹೆಸರಿಗೆ ಒಂದೇ ಗಾತ್ರದ ಅಕ್ಷರ.

ಏನಾಯ್ತು, ಏನು ಕಲಿತ್ವಿ

ಪುಸ್ತಕ ಬಂತು, ಏಳು ಅಧ್ಯಾಯದ ಗ್ರಾಮರ್ ಕಥೆ ಮೂರಾಯ್ತು, ಮಾಡರ್ನ್‌ಗೆ ಮೂರು, ಉಳಿದದ್ದು ಕಾಂಪ್ರಿಹೆನ್ಸಿವ್ ಕಾಲಕ್ಕೆ. ಟೈಮ್‌ಟೇಬಲ್ ಹಾಳೆಯನ್ನ ದೊಡ್ಡದು ಮಾಡಿ ಹಾಲಿನ ಗೋಡೆಗೆ ಹಾಕಿದ್ವಿ, ಎರಡು ಕಟ್ಟಡದ ರೂಮುಗಳಿಗೆ ಎರಡು ಬಣ್ಣ ಕೊಟ್ಟು. ಈಗಿನ ಮಕ್ಕಳು ಅತಿ ಹೆಚ್ಚು ಹೊತ್ತು ನಿಂತಿದ್ದು ಅದರ ಮುಂದೇನೇ, ತಮ್ಮ ಅಜ್ಜ ಅಜ್ಜಿ ಯಾವ ಬಣ್ಣದಲ್ಲಿ ಓದಿರಬಹುದು ಅಂತ ಹುಡುಕ್ತಾ. ಚಿನ್ನದ ಅಕ್ಷರದ ಫಲಕ ಇದ್ದಲ್ಲೇ ಇದೆ. ಎದುರು ಗೋಡೆಗೆ ಮಾಡರ್ನ್‌ನ ಗ್ರೂಪ್ ಫೋಟೋಗಳು ಬಂದಿವೆ, ಬದುಕಿರೋರ ಒಪ್ಪಿಗೆ ತಗೊಂಡು ಹೆಸರು ಸಮೇತ. ಲೆಟರ್‌ಹೆಡ್ ಮೇಲೆ ಮಾತ್ರ ಗ್ರಾಮರ್‌ನ ವರ್ಷವೇ ಉಳಿದಿದೆ, ಟ್ರಸ್ಟ್ ಅದನ್ನ ಬದಲಾಯಿಸೋಕೆ ಒಪ್ಪಲಿಲ್ಲ, ನಾನು ಗವರ್ನರ್ ಆಗಿದ್ದಷ್ಟು ದಿನ ಪ್ರತಿ ಸಭೆಯಲ್ಲಿ ಎತ್ತಿದೀನಿ.

ಇಂಥ ಕೆಲಸ ಮಾಡೋರಿಗೆ ನಾನು ಹೇಳೋದು, ಮೊದಲು ಇರೋ ದಾಖಲೆ ಯಾರದ್ದು ಅಂತ ನೋಡಿ. ಮ್ಯಾಗಜೀನ್, ಫಲಕ, ಸಂಘ ಇವೆಲ್ಲ ಇರೋದು ಯಾರ ಹತ್ರ ಸಮಯ, ದುಡ್ಡು, ಹೆಮ್ಮೆ ಇತ್ತೋ ಅವರದ್ದು. ಬೇರೆಯವರ ಗುರುತು ಸಿಗೋದು ಯಾರೂ ಉಳಿಸ್ಬೇಕು ಅಂತ ಉಳಿಸದ ಕಾಗದಗಳಲ್ಲಿ, ಹಾಜರಾತಿ, ಟೈಮ್‌ಟೇಬಲ್, ಅಡುಗೆಮನೆ ಲೆಕ್ಕ, ಸ್ಟಾಕ್ ರಿಜಿಸ್ಟರು. ಕಟ್ಟಡ ಕೆಡವೋ ಮುಂಚೆ ಅದನ್ನೆಲ್ಲ ಎತ್ತಿಡಿ, ಕೇರ್‌ಟೇಕರು, ಪ್ಯೂನು, ಅಡುಗೆಯವರನ್ನ ಕೇಳಿ, ಎಲ್ಲಿ ಏನಿದೆ ಅಂತ ಹೆಡ್‌ಗಿಂತ ಅವರಿಗೇ ಗೊತ್ತಿರುತ್ತೆ. ನೆನಪು ಕೇಳೋಕೆ ಜನರನ್ನ ಕರೆಯೋ ಜಾಗ ಅವರು ಆರಾಮಾಗಿ ಕೂರೋ ಜಾಗ ಆಗಿರಲಿ. ಆಮೇಲೆ, ಎರಡು ಶಾಲೆ ಸೇರಿದ ವರ್ಷ ಅಂತ ಆದೇಶದಲ್ಲಿ ಇರೋದನ್ನೇ ನಂಬಿಕೊಂಡು ಅಧ್ಯಾಯ ಮುಗಿಸಬೇಡಿ, ಮಕ್ಕಳು ಯಾವ ರೂಮಲ್ಲಿ ಕೂತ್ರು, ಯಾವ ಮೇಷ್ಟ್ರು ಯಾರಿಗೆ ಪಾಠ ಮಾಡಿದ್ರು ನೋಡಿ.

ಟೈಮ್‌ಟೇಬಲ್ ಹಾಳೆಗಳನ್ನ, ಲೈಬ್ರರಿಯಲ್ಲಿ ರೆಕಾರ್ಡ್ ಮಾಡಿದ ಮಾತುಗಳನ್ನ ಕೌಂಟಿ ರೆಕಾರ್ಡ್ ಆಫೀಸಿಗೆ ಕೊಟ್ಟಿದೀವಿ, ಎರಡೂ ಶಾಲೆಯ ಹೆಸರಲ್ಲಿ ಕ್ಯಾಟಲಾಗ್ ಆಗಿವೆ. ಅಡ್ಮಿಷನ್ ರಿಜಿಸ್ಟರು ತೆರೆಯೋಕೆ ಇನ್ನೂ ದಶಕಗಳು ಬೇಕು. ಅಲ್ಲಿವರೆಗೆ ಕಾಯೋ ಬದಲು ಮಾಡರ್ನ್‌ನಲ್ಲಿ ಓದಿ ಈಗ ಎಪ್ಪತ್ತು ಎಂಬತ್ತು ದಾಟಿರೋರನ್ನ ಮಾತಾಡಿಸೋ ಕೆಲಸ ನಡೀತಾ ಇದೆ, ಅದನ್ನ ಈಗ ಹಿಸ್ಟರಿ ಟೀಚರ್ ಇಯರ್ ಟೆನ್, ಅಂದ್ರೆ 14-15 ವಯಸ್ಸಿನ ಮಕ್ಕಳಿಂದ ಮಾಡಿಸ್ತಿದಾರೆ. ಮೊದಲ ಪಟ್ಟಿಯಲ್ಲಿ ಇರೋದು ಅಡುಗೆಮನೆಯಲ್ಲಿ, ಆಫೀಸಲ್ಲಿ, ಸ್ಕೂಲ್ ಬಸ್ಸಲ್ಲಿ ಕೆಲಸ ಮಾಡಿದೋರು.